ನಾನು ಎಲ್ಲಿದ್ದೇನೆಂದು ನಾನೇ ಹೇಳುತ್ತೇನೆ

ನವೆಂಬರ್ 9, ಭಾನುವಾರ, ಬೆಳಗ್ಗೆ 7.20. ನನ್ನ ಫೋನ್ ಹೊಸ ಆಪರೇಟಿಂಗ್ ಸಿಸ್ಟಮ್ ಇಳಿಸಿಕೊಳ್ಳಲು ಶುರುಮಾಡಿದ ಹೊತ್ತನ್ನು ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ. ಮನೋಳಿಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಮಾಳಿಗೆಯ ಮೆಟ್ಟಿಲ ಮೇಲೆ ಮಾತ್ರ. ಫೋನನ್ನು ಅಲ್ಲಿಟ್ಟು, ಪಕ್ಕದಲ್ಲೇ ಕುಳಿತು ಜೋಳ ಹಸನು ಮಾಡಿದೆ. ಅದು ಮತ್ತೆ ಬೆಳಗಿದಾಗ ಒಂಬತ್ತರ ಮೇಲಾಗಿತ್ತು.

ನಾನು ಬೈಲಹೊಂಗಲದ ಒಂದು ಚಷ್ಮಾದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ವಾರದಲ್ಲಿ ನಾಲ್ಕು ದಿನ ಅಂಗಡಿ, ಎರಡು ದಿನ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕಣ್ಣು ತಪಾಸಣೆಯ ಕ್ಯಾಂಪ್. ಹಾಗಾಗಿ ಹೊಸದಾಗಿ ಬಂದದ್ದರಲ್ಲಿ ಮೊದಲು ನೋಡಿದ್ದು ಕೆಲಸಕ್ಕೆ ಬರುವುದನ್ನು. ಡಾಕ್ಟರು ಕೈಯಲ್ಲಿ ಬರೆದ ಚೀಟಿಯ ಫೋಟೋ ತೆಗೆದರೆ ಕಣ್ಣಿನ ನಂಬರನ್ನು ಅಕ್ಷರಕ್ಕಿಳಿಸಿ ಕೊಡುತ್ತದೆ. ಐದು ಹಳೆಯ ಚೀಟಿ ಹಿಡಿದೆ. ನಾಲ್ಕು ಸರಿ ಬಂತು, ಒಂದರಲ್ಲಿ ಮೈನಸ್ ಚಿಹ್ನೆ ನುಂಗಿತು. ಮೈನಸ್ ನುಂಗಿದರೆ ಬೇರೆಯೇ ಕನ್ನಡಕವಾಗುತ್ತದೆ, ಆದ್ದರಿಂದ ಇದನ್ನು ಕಣ್ಣಿಟ್ಟು ನೋಡಿಯೇ ಬಳಸಬೇಕು.

ಎರಡನೆಯದು ಇನ್ನೂ ಒಳ್ಳೆಯದು. ಫೋನನ್ನು ಬೇರೆಯವರ ಕೈಗೆ ಕೊಡುವಾಗ ಒಂದೇ ಆ್ಯಪನ್ನು ತೆರೆದು ಕಟ್ಟಿಹಾಕಬಹುದು. ಉಳಿದದ್ದು ಅವರಿಗೆ ತೆರೆಯುವುದಿಲ್ಲ. ನಮ್ಮ ಮನೆಯಲ್ಲಿ ಫೋನ್ ಯಾರ ಕೈಯಲ್ಲಿದೆಯೋ ಅವರದು. ಅವ್ವನಿಗೆ ಭಜನೆ ಹಚ್ಚಿ ಕೊಟ್ಟೆ. ಭಜನೆ ಬಿಟ್ಟು ಬೇರೆಲ್ಲೂ ಹೋಗಲಾಗದೆ, ಇದ್ಯಾಕೆ ಕೈ ಕಟ್ಟಿದಂತಾಗಿದೆ ಎಂದು ಕೇಳಿದಳು. ಕೆಲಸ ಮಾಡುತ್ತದೆ ಎಂದು ಗುರುತು ಹಾಕಿಕೊಂಡೆ.

ಮೂರನೆಯದನ್ನು ತೆರೆದಾಗ ಹನ್ನೊಂದೂಕಾಲು. ಪ್ರೈವಸಿ ಎಂಬ ಪುಟ. ಯಾವ ಆ್ಯಪ್ ಯಾವ ಹೊತ್ತಿಗೆ ಮೈಕು, ಕ್ಯಾಮೆರಾ, ಲೊಕೇಶನ್ ಬಳಸಿತು ಎಂಬುದನ್ನು ಅದು ಗಂಟೆ ಸಮೇತ ತೋರಿಸುತ್ತದೆ. ನನ್ನ ಹಾಗೆಯೇ ದಿನಚರಿ ಬರೆಯುವ ಇನ್ನೊಬ್ಬರು ಸಿಕ್ಕರೆಂದು ಖುಷಿಯಾಯಿತು. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ನಾನು ಒಮ್ಮೆಯೂ ತೆರೆಯದ ಒಂದು ಆ್ಯಪ್ ದಿನವಿಡೀ ನನ್ನ ಲೊಕೇಶನ್ ಓದುತ್ತಿತ್ತು. ಹುಡುಕಿದರೆ ಒಂದು ಫೋಲ್ಡರಿನ ಎರಡನೇ ಪುಟದಲ್ಲಿ ಕುಳಿತಿತ್ತು. ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರಿಗೆ ತೋರಿಸುವ ಆ್ಯಪ್ ಅದು. ನೋಡುವವರ ಜಾಗದಲ್ಲಿ ಒಂದೇ ನಂಬರು, ಕಾಕಾನದು.

ಕಾಕಾ ಅಂದರೆ ಅಪ್ಪನ ತಮ್ಮ. ಸವದತ್ತಿಯಲ್ಲಿ ಅವರದು ಗೊಬ್ಬರದ ಅಂಗಡಿ, ಇರುವುದು ನಮ್ಮೊಟ್ಟಿಗೆ. ಫೋನ್ ನನ್ನ ಪಗಾರದಲ್ಲಿ ಕೊಂಡದ್ದು. ಸಿಮ್ ಹಾಕಿ ಕೊಡುತ್ತೇನೆಂದು ಅವರು ಅದನ್ನು ಒಂದು ಸಂಜೆ ಇಟ್ಟುಕೊಂಡಿದ್ದರು. ಹಿಂದಿನ ತಿಂಗಳಿಂದ ಅವರು ಕೇಳುತ್ತಿದ್ದ ಪ್ರಶ್ನೆಗಳನ್ನು ನಾನು ಬರೆದಿಟ್ಟಿದ್ದೆ. ಅಕ್ಟೋಬರ್ 4: ಕಿತ್ತೂರಲ್ಲಿ ಅಷ್ಟೊತ್ತು ಏನಿತ್ತು? ಅಕ್ಟೋಬರ್ 17: ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಯಾಕೆ ಕುಳಿತಿದ್ದೆ? ಇವರಿಗೆ ಸುದ್ದಿ ಕೊಡುತ್ತಿರುವುದು ಬಸ್ಸಿನ ಕಂಡಕ್ಟರೇ ಎಂದುಕೊಂಡು, ಆ ಪಾಪದ ಮನುಷ್ಯನತ್ತ ಹದಿನೈದು ದಿನ ಮುಖವನ್ನೇ ತಿರುಗಿಸಿರಲಿಲ್ಲ.

ಹಿಂದಿನ ರಾತ್ರಿಯಷ್ಟೇ ಕಾಕಾ ತೀರ್ಮಾನ ಕೊಟ್ಟಿದ್ದರು. ಕ್ಯಾಂಪ್ ಸಾಕು, ಅಂಗಡಿಯೊಳಗೆ ಕುಳಿತು ಮಾಡುವುದಿದ್ದರೆ ಮಾಡು. ಮುಂದಿನ ಕ್ಯಾಂಪ್ ಮಂಗಳವಾರ, ರಾಮದುರ್ಗದಲ್ಲಿ. ಕ್ಯಾಂಪಿಗೆ ಬಾರದವರನ್ನು ನಮ್ಮ ಅಂಗಡಿಯ ಮಾಲೀಕರು ಇಟ್ಟುಕೊಳ್ಳುವುದಿಲ್ಲ. ಕ್ಯಾಂಪ್ ಹೋದರೆ ಕೆಲಸವೇ ಹೋದಂತೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಫೋನನ್ನು ಕಾಕಾನ ತಾಟಿನ ಪಕ್ಕ ಇಟ್ಟೆ. ಇದನ್ನು ಯಾರು ಹಾಕಿದ್ದೆಂದು ಕೇಳಿದೆ.

"ನಾನ ಹಾಕೇನಿ. ನಿನ್ನ ಚೊಲೋದಕ್ಕ," ಅಂದರು. ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಲಿಲ್ಲ. "ಬಸ್ ಕೆಟ್ಟು ನಿಂತರ ಗೊತ್ತಾಗಬೇಕಲ್ಲ."

"ಹಂಗಾರ ನಿಮ್ಮ ಫೋನ್ ಕೊಡ್ರಿ ಕಾಕಾ, ಅದರಾಗೂ ಹಚ್ಚತೇನಿ. ಕತ್ತಲಾಗ ಗಾಡಿ ಮ್ಯಾಲ ಬರೋರು ನೀವು. ನನಗೂ ಕಾಳಜಿ ಇರತೈತಿ."

ಕಾಕಾನ ಎಡಗೈ ತಾನಾಗಿ ಅಂಗಿಯ ಕಿಸೆಯ ಮೇಲೆ ಹೋಯಿತು. ಗಂಡಸರಿಗೆ ಇವೆಲ್ಲ ಯಾಕೆ ಎಂದು ನಕ್ಕರು. ಅವ್ವ ಕಣ್ಣಲ್ಲೇ ನನಗೆ ಸಾಕು ಅಂದಳು. ನಾನು ಸಾಕು ಮಾಡಲಿಲ್ಲ.

ಏನು ನಡೆದಿದೆ ಎಂದು ಆಯಿ ಕೇಳಿದಳು. ಆಯಿ ಅಪ್ಪನ ತಾಯಿ. ಕಾಕಾ ಸವದತ್ತಿಯಲ್ಲಿ ಕುಳಿತು, ನಾನು ಯಾವ ರಸ್ತೆಯಲ್ಲಿದ್ದೇನೆಂದು ನೋಡುತ್ತಾರೆ ಎಂದು ಬಿಡಿಸಿ ಹೇಳಿದೆ. ನಮ್ಮಲ್ಲಿ ಹೊರಗೆ ಹೊರಟವರನ್ನು "ಎಲ್ಲಿಗೆ" ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ತೀರ ಕೇಳಲೇಬೇಕೆಂದರೆ "ದೂರ ಹೊಂಟ್ರಿ?" ಎನ್ನಬೇಕು. ಇದನ್ನು ಮನೆಯಲ್ಲಿ ಎಲ್ಲರಿಗಿಂತ ಬಿಗಿಯಾಗಿ ಪಾಲಿಸುವವರು ಕಾಕಾ. ಅವರು ಟ್ರ್ಯಾಕ್ಟರ್ ನೋಡಲು ಹೊರಟ ದಿನ ಅವ್ವ ಮರೆತು "ಎಲ್ಲಿಗೆ" ಎಂದದ್ದಕ್ಕೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕುಳಿತು, ನೀರು ಕುಡಿದು ಆಮೇಲೆ ಹೋಗಿದ್ದರು.

"ನಿನ್ನ ವೈನಿ ಒಮ್ಮೆ ಕೇಳಿದ್ದಕ್ಕ ಮನಿ ಹೊಕ್ಕು ಕುಂತಾಂವ ನೀನು," ಆಯಿ ಕಾಕಾನಿಗೆ ಅಂದಳು. "ಕೂಸಿಗೆ ಹಾದಿತುಂಬ ಎಲ್ಲಿಗೆ, ಎಲ್ಲಿಗೆ ಅಂತ ಕೇಳಾಕತ್ತೀಯಲ್ಲೋ. ಅದರ ಕೆಲಸ ಹೆಂಗ ಆಗಬೇಕು?"

"ಅದು ಬಾಯಿಲೆ ಕೇಳೂದು ಯವ್ವಾ. ಇದು ಫೋನು."

"ಬಾಯಿ ಇಲ್ಲದ್ದು ನಿನಗ ಇಷ್ಟೆಲ್ಲಾ ಹೆಂಗ ಹೇಳೇತಿ ಮತ್ತ?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಕಾ ನಗಲಿಲ್ಲ. ನಾನು ಫೋನ್ ಎತ್ತಿಕೊಂಡು, ಎಲ್ಲರಿಗೂ ಕಾಣುವಂತೆ ಹಿಡಿದು, ಆ ಆ್ಯಪಿನ ಲೊಕೇಶನ್ ಅನುಮತಿ ಕಿತ್ತುಹಾಕಿದೆ. ಮೊದಲಿನಂತೆ ಮಾಡು, ಇಲ್ಲದಿದ್ದರೆ ರಾಮದುರ್ಗ ಇಲ್ಲ ಎಂದು ಕಾಕಾ ದನಿ ಏರಿಸಿದರು.

"ಮಂಗಳವಾರ ಮೊದಲ ಬಸ್ಸಿಗೆ ರಾಮದುರ್ಗಕ್ಕ ಹೋಗತೇನಿ," ಅಂದೆ. "ನಾನ ಹೇಳಾಕತ್ತೇನಿ ಕಾಕಾ, ನಿಮಗ. ಇನ್ನ ಫೋನ್ ಹೇಳೂದಿಲ್ಲ."

ಆವರೆಗೆ ಸುಮ್ಮನೆ ಉಣ್ಣುತ್ತಿದ್ದ ಅಪ್ಪ, ಕ್ಯಾಂಪ್ ಎಷ್ಟಕ್ಕೆ ಮುಗಿಯುತ್ತದೆ ಎಂದು ಕೇಳಿದ. ನಾಲ್ಕಕ್ಕೆ ಅಂದೆ. ಸಂಜೆ ಬಸ್ ತಡವಾದರೆ ಫೋನ್ ಹಚ್ಚು ಅಂದ. ಹಚ್ಚುತ್ತೇನೆ ಅಂದೆ. ಅಲ್ಲಿಗೆ ಮಾತು ಮುಗಿಯಿತು, ಕಾಕಾನದು ಬಿಟ್ಟು.

ನವೆಂಬರ್ 11, ಮಂಗಳವಾರ ರಾಮದುರ್ಗದಲ್ಲಿ ಅರವತ್ತೆರಡು ಜನರ ಕಣ್ಣು ನೋಡಿದೆವು. ಬಂದವರಲ್ಲಿ ಹೆಚ್ಚಿನವರು ನೇಯುವವರು, ಎಳೆ ಕಾಣುವುದಿಲ್ಲವೆಂದು ಬಂದವರು. ಬಸ್ ತಡವಾಯಿತು, ಅಪ್ಪನಿಗೆ ಫೋನ್ ಹಚ್ಚಿದೆ. ಕಾಕಾ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅನುಮತಿ ಮತ್ತೆ ಕೊಡು ಎಂದು ಅವ್ವನ ಕೈಲಿ ಎರಡು ಸಲ ಹೇಳಿ ಕಳಿಸಿದರು. ಎರಡು ಸಲವೂ ಅವರ ಫೋನ್ ಕಳಿಸಿ ಎಂದೆ, ಬರಲಿಲ್ಲ. ಆ ಆ್ಯಪನ್ನು ನಾನು ಅಳಿಸಿಲ್ಲ. ಅದು ಅಲ್ಲೇ ಕುರುಡಾಗಿ ಕುಳಿತಿರಲಿ.

ನನಗೆ ತಿಳಿಯದ ಎರಡು ವಿಷಯ ಉಳಿದಿವೆ. ನಾನು ತಿರುಗಾಡಿದ ಹಳೆಯ ದಾರಿಗಳೆಲ್ಲ ಕಾಕಾನ ಫೋನಿನಲ್ಲಿ ಇನ್ನೂ ಉಳಿದಿರುತ್ತವೆಯೇ, ಇದ್ದರೆ ಇಲ್ಲಿಂದಲೇ ಅಳಿಸಬಹುದೇ? ನಾನು ಸ್ನಾನಕ್ಕೆ ಹೋದಾಗ ಯಾರಾದರೂ ಫೋನ್ ತೆಗೆದುಕೊಂಡು ಅನುಮತಿ ಬದಲಿಸಿದರೆ, ಫೋನ್ ನನಗೆ ತಿಳಿಸುವಂತೆ ಮಾಡಲು ಬರುತ್ತದೆಯೇ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಬುದ್ಧಿವಾದ ಬೇಡ, ಯಾವ ಸೆಟ್ಟಿಂಗ್ ಎಂದಷ್ಟೇ ಬರೆದರೆ ಸಾಕು.