ಗಾಡಿ ಪೂಜೆಯ ಅರಿಶಿನ

ಮೊನ್ನೆ ಸಂಜೆ ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಒಂದು ಸ್ಟೀಲ್ ಲೋಟ ಹಿಡಿದುಕೊಂಡು ಬಾಗಿಲಿಗೆ ಬಂದಳು. ಸ್ವಲ್ಪ ಅರಿಶಿನ ಬೇಕಿತ್ತು ಎಂದಳು. ಒಳಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಡುಗೆಮನೆಯಲ್ಲಿದ್ದವಳು ಗೋವಿಂದರಾಜನಗರದ ಒಂದು ಗ್ಯಾರೇಜಿನಲ್ಲಿ ಹೋಗಿ ನಿಂತುಬಿಟ್ಟೆ. ಕಾದ ಕಬ್ಬಿಣ, ಬೆಂದ ರಬ್ಬರು, ಅದರ ನಡುವೆ ಅರಿಶಿನ... ಎಷ್ಟೋ ವರ್ಷವಾಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆಗ ಬಸವೇಶ್ವರನಗರದ ಈ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ ಇದ್ದೆವು. ಪಕ್ಕದ ಮನೆಯಲ್ಲಿ ಅಂಕಲ್. ರಾಜಾಜಿನಗರದ ಕಡೆಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದವರು. ಅಮ್ಮನಿಗಿಂತ ಸ್ವಲ್ಪ ಚಿಕ್ಕವರು, ಬಾಯ್ತುಂಬ ‘ಅಕ್ಕಾ’ ಎನ್ನುತ್ತಿದ್ದರು. ಅವರ ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ಪೇಪರ್ ಹಿಡಿದುಕೊಂಡು ನಮ್ಮ ಮನೆಗೇ ಬಂದುಬಿಡುತ್ತಿದ್ದರು. ಪೇಪರ್ ಅವರದು, ಕಾಫಿ ನಮ್ಮದು. ರಾಜಕಾರಣಿಗಳನ್ನೆಲ್ಲ ಅವರು ಬೈದು ಮುಗಿಸುವಷ್ಟರಲ್ಲಿ ಅಮ್ಮನ ಹುರುಳಿಕಾಯಿ ಬಿಡಿಸುವುದು ಮುಗಿದಿರುತ್ತಿತ್ತು.

ಅವರ ಬಳಿ ಒಂದು ಹಳೆಯ ಬಿಳಿ ಕಾರಿತ್ತು. ಅದನ್ನು ತೊಳೆಯುವುದನ್ನು ನೋಡಿದರೆ ಎಳೆ ಮಗುವಿಗೆ ಎಣ್ಣೆ ನೀರು ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ, ಅವರ ಕೈಯಲ್ಲೇ. ಬೆಳ್ಳಂಬೆಳಿಗ್ಗೆ ಕುರುಬರಹಳ್ಳಿಯ ಇಳಿಜಾರುಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಕ್ಲಚ್ಚಿಗಿಂತ, ಗೇರಿಗಿಂತ ಮೊದಲು ಅವರು ನನಗೆ ತೋರಿಸಿದ್ದು ಡ್ಯಾಶ್‌ಬೋರ್ಡಿನ ಮೂಲೆಯಲ್ಲಿದ್ದ ಒಂದು ಸಣ್ಣ ಮುಳ್ಳನ್ನು. ಎಂಜಿನ್ ಎಷ್ಟು ಕಾದಿದೆ ಎಂದು ಹೇಳುವ ಮುಳ್ಳು.

“ರೋಡ್ ಎಷ್ಟು ನೋಡ್ತೀಯೋ ಇದನ್ನೂ ಅಷ್ಟೇ ನೋಡ್ಬೇಕು ಕಣಮ್ಮ. ಅರ್ಧ ದಾಟ್ತು ಅಂದ್ರೆ ಪಕ್ಕಕ್ಕೆ ಹಾಕಿ ಆಫ್ ಮಾಡ್ಬಿಡು. ಮನುಷ್ಯರು ಸುಳ್ಳು ಹೇಳ್ತಾರೆ, ಇದು ಹೇಳಲ್ಲ.”

ಆ ಮಾತನ್ನು ಇಲ್ಲಿ ಬರೆಯುವಾಗ ನನಗೆ ನಗು ಬರುತ್ತಿದೆ. ಒಳ್ಳೆಯ ನಗುವಲ್ಲ.

ಅರಿಶಿನದ ವಿಷಯ ಹೇಳಬೇಕು. ಅಮ್ಮನ ತವರು ಚಾಮರಾಜನಗರದ ಕಡೆ. ಪ್ರತಿ ವರ್ಷ ಅಲ್ಲಿಂದ ಒಂದು ಚೀಲ ಅರಿಶಿನದ ಕೊಂಬು ಬರುತ್ತಿತ್ತು. ಅಮ್ಮ ಅದನ್ನು ತಾರಸಿಯ ಮೇಲೆ ಒಣಗಿಸಿ, ಮಿಲ್ಲಿಗೆ ತಾನೇ ಹೊತ್ತುಕೊಂಡು ಹೋಗಿ, ಮುಂದೆ ನಿಂತು ಬೀಸಿಸಿಕೊಂಡು ಬರುತ್ತಿದ್ದಳು. ಅಂಗಡಿಯ ಅರಿಶಿನಕ್ಕಿಂತ ಅದರ ಬಣ್ಣ ಕೆಂಪು, ವಾಸನೆ ಘಾಟು. ಬೀದಿಯ ಒಂದೊಂದು ಮನೆಗೂ ಒಂದೊಂದು ಡಬ್ಬಿ. ಅಂಕಲ್ ಮನೆಯದು ಹಳೆಯ ಬಿಸ್ಕತ್ತಿನ ಡಬ್ಬಿ, ಎಲ್ಲರಿಗಿಂತ ದೊಡ್ಡದು. ಕೇಳಿದವರಿಗೆ ಅಮ್ಮ ಇಲ್ಲ ಎಂದದ್ದಿಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಅರಿಶಿನ ಹೊಸಿಲು ದಾಟಬಾರದು ಎಂಬುದು ಅವಳ ಲೆಕ್ಕ. ಬೆಳಿಗ್ಗೆ ಬನ್ನಿ ಎಂದು ನಯವಾಗಿ ಹೇಳಿ ಕಳಿಸುತ್ತಿದ್ದಳು.

ಹೀಗಿರುವಾಗ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಆಮೇಲೆ ವಾರವಾರ ವಿಜಯನಗರದಲ್ಲಿ ಫಿಸಿಯೋಥೆರಪಿ. ವಾಕರ್ ನೋಡಿದ ಕೂಡಲೇ ಆಟೋದವರು ಮುಖ ತಿರುಗಿಸುತ್ತಿದ್ದರು. ಒಪ್ಪಿ ಬಂದವರು ಹಂಪಿನ ಮೇಲೆ ಹಾರಿಸಿದಾಗ ಅಮ್ಮ ತುಟಿ ಕಚ್ಚಿಕೊಂಡು ಕೂರುತ್ತಿದ್ದಳು. ನಡಿಗೆ ಪೂರ್ತಿ ಮರಳಬೇಕಾದರೆ ಒಂದು ವಾರವೂ ತಪ್ಪಿಸುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮತ್ತೆ ತನ್ನ ಕಾಲ ಮೇಲೆ ತಾನು ತಾರಸಿ ಹತ್ತಬೇಕು ಎಂಬುದೊಂದೇ ಅಮ್ಮನ ಆಸೆಯಾಗಿತ್ತು.

ಅದೇ ಹೊತ್ತಿಗೆ ಅಂಕಲ್ ಮನೆ ಮಾರಿ ಕೆಂಗೇರಿಯ ಕಡೆ ಸಣ್ಣದೊಂದು ಫ್ಲ್ಯಾಟಿಗೆ ಹೋಗುವವರಿದ್ದರು. ಅಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ.

“ಅಕ್ಕಾ, ಗಾಡಿ ನೀವೇ ಇಟ್ಕೊಳ್ಳಿ. ಬ್ರೋಕರ್‌ಗೆ ಕೊಡೋಕೆ ಮನಸ್ಸು ಬರಲ್ಲ. ನಿಮಗಾದ್ರೆ ಮನೆಯವರಿಗೇ ಕೊಟ್ಟಂಗೆ” ಎಂದರು.

ಅಮ್ಮ ಕಣ್ಣೊರೆಸಿಕೊಂಡಳು. ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಒಪ್ಪಿಕೊಂಡೆವು. ತಮ್ಮನ ಹತ್ತಿರ ಯಾರಾದರೂ ಚೌಕಾಸಿ ಮಾಡುತ್ತಾರೆಯೇ?

ಕಾರು ಕೊಡುವ ಹಿಂದಿನ ಸಂಜೆ ಅಂಕಲ್ ಬಂದರು. ದೇವರ ಮನೆಯಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಬೆಳಿಗ್ಗೆ ಗಾಡಿ ಪೂಜೆ ಮಾಡಿ ಕೀ ಕೊಡುತ್ತೇನೆ, ಮನೆಯ ಸಾಮಾನೆಲ್ಲ ಕಟ್ಟಿಬಿಟ್ಟಿದ್ದೇನೆ, ಸ್ವಲ್ಪ ಅರಿಶಿನ ಬೇಕಿತ್ತು ಎಂದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಒಂದು ಗಳಿಗೆ ದೀಪದ ಕಡೆ ನೋಡಿ, “ಅವರೇನು ಹೊರಗಿನವರಾ? ಕೊಡು. ಧಾರಾಳವಾಗಿ ಕೊಡು” ಎಂದಳು. ದೊಡ್ಡ ಸ್ಟೀಲ್ ಲೋಟದ ತುಂಬ ಕೊಟ್ಟೆ. ಗಾಡಿ ಪೂಜೆಗೆ ಒಂದು ಚಿಟಿಕೆ ಸಾಕು ಎಂದು ನನಗಾಗಲಿ ಅಮ್ಮನಿಗಾಗಲಿ ಹೊಳೆಯಲಿಲ್ಲ. ಅವರೂ ಸಾಕು ಎನ್ನಲಿಲ್ಲ.

ಮರುದಿನ ಕಾರಿಗೆ ಸೇವಂತಿಗೆ ಹಾರ, ಗಾಜಿನ ಮೇಲೆ ಸ್ವಸ್ತಿಕ, ಚಕ್ರಗಳ ಕೆಳಗೆ ನಿಂಬೆಹಣ್ಣು. ಕೀ ಕೊಟ್ಟ ಅವರ ಬೆರಳುಗಳು ಉಗುರಿನ ಸಂದಿನವರೆಗೆ ಹಳದಿಯಾಗಿದ್ದವು. ಎಷ್ಟು ಭಕ್ತಿಯಿಂದ ಮಾಡಿದ್ದಾರೆ ನೋಡು ಎಂದು ಅಮ್ಮ ಪಿಸುಗುಟ್ಟಿದಳು. ಲೋಟ ವಾಪಸು ಬಂತು, ಖಾಲಿ ಕೊಡಬಾರದೆಂದು ಒಳಗೆ ಒಂದಷ್ಟು ಕಲ್ಲುಸಕ್ಕರೆ ಹಾಕಿಕೊಂಡು. ಮರ್ಯಾದೆಯಲ್ಲಿ ಅವರು ಯಾವತ್ತೂ ಹಿಂದೆ ಬಿದ್ದವರಲ್ಲ.

ಹೊರಡುವ ಮುಂಚೆ ಕಾರಿನ ಕಿಟಕಿಗೆ ಬಗ್ಗಿ ಒಂದು ಮಾತು ಹೇಳಿದರು.

“ಆ ಟೆಂಪರೇಚರ್ ಮುಳ್ಳು ಕೆಟ್ಟಿದೆ ಕಣಮ್ಮ. ಸುಮ್‌ಸುಮ್ನೆ ಮೇಲೆ ಹೋಗುತ್ತೆ. ತಲೆ ಕೆಡಿಸ್ಕೋಬೇಡ, ಓಡಿಸ್ತಾ ಇರು.”

ಹೂಂ ಎಂದೆ. ನನಗೆ ಮುಳ್ಳಿನ ಪರಿಚಯ ಮಾಡಿಕೊಟ್ಟವರೇ ಅವರಲ್ಲವೇ?

ಕೆಲವು ವಾರ ಎಲ್ಲ ಸರಿಯಿತ್ತು. ಆಮೇಲೆ ಮುಳ್ಳು ಅರ್ಧ ದಾಟತೊಡಗಿತು. ಕಾರಿನೊಳಗೆ ಕಾಸಿದ ಸಕ್ಕರೆಯಂಥ ಒಂದು ಸಿಹಿ ವಾಸನೆ. ಹಾರದ ಹೂವು ಎಲ್ಲೋ ಬಿದ್ದು ಕೊಳೆತಿರಬೇಕೆಂದು ಸೀಟಿನ ಕೆಳಗೆಲ್ಲ ಹುಡುಕಿದೆ. ಮುಳ್ಳು ಮೇಲಿದ್ದಾಗಲೆಲ್ಲ ಅಂಕಲ್ ಹೇಳಿದ್ದು ನೆನಪಿಗೆ ಬರುತ್ತಿತ್ತು, ಧೈರ್ಯವಾಗಿ ಓಡಿಸುತ್ತಿದ್ದೆ. ಕಣ್ಣೆದುರಿಗಿದ್ದ ಮುಳ್ಳಿಗಿಂತ ಅವರ ಮಾತು ನನಗೆ ದೊಡ್ಡದಾಗಿತ್ತು.

ಒಂದು ಮಧ್ಯಾಹ್ನ ಫಿಸಿಯೋಥೆರಪಿ ಮುಗಿಸಿ ವಾಪಸು ಬರುವಾಗ, ಮಾಗಡಿ ರಸ್ತೆ ಇನ್ನೂ ಸಿಕ್ಕಿರಲಿಲ್ಲ, ಬಾನೆಟ್ಟಿನ ಸಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಗಾಜು ಮುಚ್ಚಿಹೋಗಿ ಎದುರಿನ ರಸ್ತೆ ಕಾಣಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ. ಹೇಗೋ ಪಕ್ಕಕ್ಕೆ ಎಳೆದೆ. ಅಮ್ಮನಿಗೆ ಒಬ್ಬಳೇ ಇಳಿಯಲು ಬರುವುದಿಲ್ಲ. ವಾಕರ್ ಡಿಕ್ಕಿಯಲ್ಲಿತ್ತು. ಬೆಂಕಿ ಹತ್ತಿಕೊಂಡರೆ ಏನು ಮಾಡಲಿ ಎಂದು ಅಮ್ಮನ ಕಡೆಯ ಬಾಗಿಲು ತೆಗೆದು, ಯಾರಾದರೂ ಬನ್ನಿ ಎಂದು ಕೂಗಿದೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಡೆಲಿವರಿ ಹುಡುಗರು ಬೈಕ್ ನಿಲ್ಲಿಸಿ ಅಮ್ಮನನ್ನು ಎತ್ತಿ ಇಳಿಸಿದರು. ಆಮೇಲೆ ಕಾರನ್ನು ಪಕ್ಕದ ಗಲ್ಲಿಯ ಗ್ಯಾರೇಜಿಗೆ ತಳ್ಳಿಕೊಟ್ಟು ಹೋದರು.

ಗ್ಯಾರೇಜಿನವನು ಗದಗದ ಕಡೆಯವನು, ಬಾಯಿ ಜೋರು. ಬಂದವನೇ ಎಂಜಿನ್ ಹೋಯಿತು ಎಂದು ಘೋಷಿಸಿ ನನ್ನ ಜೀವ ಅರ್ಧ ತೆಗೆದ. ಕಾರು ಆರಿದ ಮೇಲೆ ಎಂಜಿನ್ ತಣಿಸುವ ರೇಡಿಯೇಟರಿಗೆ ನೀರು ತುಂಬಿಸಿ, ಅದರ ಬಾಯಿಗೆ ಒಂದು ಕೈಪಂಪು ಕೂರಿಸಿ ಗಾಳಿ ಒತ್ತಿದ. ಒತ್ತಡ ಬಿದ್ದರೆ ಸೋರುವ ಜಾಗ ತಾನಾಗಿಯೇ ತೋರಿಸಿಕೊಡುತ್ತದಂತೆ. ತೋರಿಸಿತು. ರೇಡಿಯೇಟರಿನ ಕೆಳಮೂಲೆಯಿಂದ ನೀರು ಸಣ್ಣಗೆ ಜಿನುಗಿತು. ಎಂಜಿನ್ ಹೋಗಿಲ್ಲ, ಬರೇ ಲೀಕು ಎಂದು ತನ್ನ ಮಾತು ತಾನೇ ನುಂಗಿಕೊಂಡು ರೇಡಿಯೇಟರ್ ಬಿಚ್ಚಿ ಒಂದು ಬಾಂಡಲಿಯ ಮೇಲೆ ಬೋರಲು ಹಾಕಿದ. ಹಸಿರು ಕೂಲೆಂಟ್ ಬರಬೇಕಿತ್ತು, ಕಾರಿನೊಳಗೆ ಬರುತ್ತಿದ್ದ ಸಿಹಿ ವಾಸನೆ ಅದು ಸೋರಿದ್ದರದಂತೆ. ಬಂದದ್ದು ಹಳದಿ ಕೆಸರು. ಗಟ್ಟಿ ಗಟ್ಟಿಯಾಗಿ, ಗೊಜ್ಜಿನ ಹಾಗೆ.

“ಇದನ್ಯಾರ್ರೀ ಹಾಕಿದ್ದು? ಅರಿಶಿಣ ಐತಲ್ರೀ ಇದು!” ಎಂದ. “ಸಣ್ಣ ತೂತಿದ್ರ ಹಿಂಗ ಹಾಕಿ ಮುಚ್ತಾರ್ರೀ. ಹಾದ್ಯಾಗ ಕೆಟ್ರ ಊರು ಮುಟ್ಟಾಕ ಮಾಡೂದದು. ಮಾರಾಕ ಮಾಡೂದಲ್ಲ. ನಿಮಗ ಗಾಡಿ ಕೊಟ್ಟಾವ ಭಾರೀ ಅದಾನ ಬಿಡ್ರಿ.”

ತೂತು ಮುಚ್ಚಿದ ಅರಿಶಿನ ರೇಡಿಯೇಟರಿನ ಕೊಳವೆಗಳನ್ನೆಲ್ಲ ಕಟ್ಟಿಹಾಕಿದೆ, ನೀರು ಓಡಾಡದೆ ಎಂಜಿನ್ ಕುದಿದಿದೆ ಎಂದು ಅವನು ವಿವರಿಸುತ್ತಲೇ ಇದ್ದ. ನನ್ನ ಕಿವಿಗೆ ಬಿದ್ದದ್ದು ಅರ್ಧಂಬರ್ಧ. ಕಣ್ಣ ಮುಂದೆ ಆ ಹಳದಿ ಬೆರಳುಗಳಿದ್ದವು.

ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಬಾಂಡಲಿ ಹತ್ತಿರ ತರಲು ಹೇಳಿದಳು. ಬಗ್ಗಿ, ಆ ಕೆಸರಿಗೆ ಬೆರಳು ಅದ್ದಿ, ಮೂಗಿನ ಹತ್ತಿರ ಹಿಡಿದಳು. ಎಣ್ಣೆ, ತುಕ್ಕು ಎಲ್ಲ ಕಲೆತಿದ್ದರೂ ಅವಳಿಗೆ ಸಂದೇಹ ಬರಲಿಲ್ಲ.

“ನಮ್ಮೂರಿನ ಅರಿಶಿನ” ಎಂದಳು. ಆಮೇಲೆ, “ದೀಪ ಹಚ್ಚಿದ ಮೇಲೆ ಕೊಟ್ಟೆ” ಎಂದಳು. ಅಷ್ಟೇ. ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲೂ ಇಲ್ಲ, ಹಾಗೇ ದೂರ ಹಿಡಿದುಕೊಂಡು ಕೂತಿದ್ದಳು.

ರೇಡಿಯೇಟರನ್ನು ಬೆಸುಗೆಯವನ ಹತ್ತಿರ ಕಳಿಸಿ, ಕೊಳವೆಗಳಿಗೆ ಕಂಬಿ ಹಾಕಿ ಕೆರೆಸಿ, ತೂತು ಮುಚ್ಚಿಸಿದ್ದಾಯಿತು. ಗ್ಯಾರೇಜಿನವನು ಹಳೆಯ ರಬ್ಬರ್ ಪೈಪುಗಳನ್ನು ಬದಲಾಯಿಸಿದ. ಹೊಸ ಕೂಲೆಂಟ್ ಹಾಕುವ ಮುಂಚೆ ಎಂಜಿನ್ನಿನೊಳಗೆ ನೀರು ಬಿಟ್ಟು ತೊಳೆದ. ಎಷ್ಟು ತೊಳೆದರೂ ಹಳದಿ ಬರುತ್ತಲೇ ಇತ್ತು. ಕೊನೆಗೆ ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿ, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹೋದ ಮೇಲೆ ಮುಚ್ಚಳ ತಿರುಗಿಸಿದ. ಮುಳ್ಳು ಅರ್ಧದ ಕೆಳಗೆ ಬಂದು ನಿಂತಿತು, ಅಲ್ಲಾಡಲಿಲ್ಲ. ಆ ಮುಳ್ಳು ಯಾವತ್ತೂ ಕೆಟ್ಟಿರಲೇ ಇಲ್ಲ.

ಗ್ಯಾರೇಜಿನ ಹೊರಗೆ ನಿಂತು ಅಂಕಲ್‌ಗೆ ಫೋನ್ ಮಾಡಿದೆ. ಏನೇನೋ ಕೂಗಾಡಬೇಕೆಂದುಕೊಂಡಿದ್ದೆ. ಬಾಯಿಗೆ ಬಂದದ್ದು, “ಅಂಕಲ್, ರೇಡಿಯೇಟರ್ ಓಪನ್ ಮಾಡಿದ್ರು” ಎಂದಷ್ಟೇ. ಅವರು ಕೇಳಿದ್ದು:

“ಎಲ್ಲೀ ತನಕ ಬಂತು?”

ಏನಾಯಿತು ಎಂದು ಕೇಳಲಿಲ್ಲ. ಅಕ್ಕ ಹೇಗಿದ್ದಾರೆ ಎಂದು ಕೇಳಲಿಲ್ಲ. ಎಲ್ಲಿಯ ತನಕ ಬಂತು! ಎಲ್ಲೋ ಒಂದು ಕಡೆ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು, ಜಾಗ ಮಾತ್ರ ಗೊತ್ತಿರಲಿಲ್ಲ. ಅದರಲ್ಲಿ ಯಾರು ಕೂತಿರುತ್ತಾರೆ ಎಂಬುದೂ ಗೊತ್ತಿತ್ತು. ಲೀಕ್ ಇದೆ ಎಂದು ಹೇಳಿದ್ದರೆ ನಾವು ಕಾರು ಬೇಡ ಎನ್ನುತ್ತಿದ್ದೆವೇ? ಅದೇ ಬೆಲೆಗೆ ಕೊಂಡು, ರಿಪೇರಿ ಮಾಡಿಸಿ, ಅವರಿಗೆ ಕಾಫಿಯನ್ನೂ ಕೊಡುತ್ತಿದ್ದೆವು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ನಮ್ಮ ಮನೆಯ ಅರಿಶಿನವನ್ನೇ ಕೇಳಿ ಒಯ್ದು ನಮ್ಮ ಕಣ್ಣಿಗೆ ಎರಚಿದ್ದರು.

“ಅಕ್ಕಂಗೆ ಹೇಳ್ಬೇಡ ಕಣಮ್ಮ” ಎಂದರು ಕೊನೆಗೆ.

“ಕಂಡುಹಿಡಿದಿದ್ದೇ ಅಮ್ಮ” ಎಂದು ಫೋನ್ ಇಟ್ಟೆ. ಅದೇ ನಮ್ಮ ಕೊನೆಯ ಮಾತು.

ಫಿಸಿಯೋಥೆರಪಿ ತಪ್ಪಲಿಲ್ಲ. ಅಮ್ಮ ವಾಕರ್ ಬಿಟ್ಟು ನಡೆದಳು. ಮುಂದಿನ ವರ್ಷ ತವರಿನ ಚೀಲ ಬಂದಾಗ ತಾನೇ ನಿಧಾನವಾಗಿ ತಾರಸಿ ಹತ್ತಿ ಕೊಂಬುಗಳನ್ನು ಹರಡಿದಳು. ಅಷ್ಟು ಆಸೆಪಟ್ಟಿದ್ದನ್ನು ಪಡೆದುಕೊಂಡೂ ಅವಳ ಮುಖದಲ್ಲಿ ಗೆಲುವಿರಲಿಲ್ಲ. ಬೀಸಿಸಿ ತಂದ ಮೇಲೆ ರೂಢಿಯಂತೆ ಡಬ್ಬಿಗಳಿಗೆ ತುಂಬತೊಡಗಿದಳು. ಬಿಸ್ಕತ್ತಿನ ಡಬ್ಬಿಯೂ ಆ ಸಾಲಿನಲ್ಲಿತ್ತು, ಮನೆ ಖಾಲಿ ಮಾಡುವಾಗ ಅಂಕಲ್ ಅದನ್ನು ಮುಂದಿನ ವರ್ಷಕ್ಕೆಂದು ನಮ್ಮಲ್ಲೇ ಬಿಟ್ಟುಹೋಗಿದ್ದರು. ಮರೆತು ಅದನ್ನೂ ತುಂಬಿದಳು. ಆಮೇಲೆ ಅದನ್ನು ದೊಡ್ಡ ಡಬ್ಬಿಗೆ ಬಗ್ಗಿಸಿ, ತಳ ತಟ್ಟಿ, ಉಳಿದ ಮನೆಗಳ ಡಬ್ಬಿಗಳನ್ನೂ ಒಂದೊಂದಾಗಿ ಬಗ್ಗಿಸಿಬಿಟ್ಟಳು. ಆ ವರ್ಷದಿಂದ ಬೀದಿಯಲ್ಲಿ ಯಾರಿಗೂ ನಮ್ಮ ಅರಿಶಿನ ಹೋಗಲಿಲ್ಲ. ಯಾಕೆಂದು ಕೇಳಿದವರಿಗೆ ಈ ಸಲ ಫಸಲು ಕಡಿಮೆ ಎಂದಳು. ಅಮ್ಮ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈಗ ಅಮ್ಮ ಇಲ್ಲ. ಕಾರನ್ನು ಗುಜರಿಗೆ ಕೊಟ್ಟು ಬಹಳ ಕಾಲವಾಯಿತು. ಅಂಕಲ್ ಕೆಂಗೇರಿಯಲ್ಲಿ ತೀರಿಕೊಂಡರೆಂದು ಹಳೆಯ ಪರಿಚಯದವರೊಬ್ಬರು ಮೆಟ್ರೋದಲ್ಲಿ ಸಿಕ್ಕಾಗ ಹೇಳಿದರು. ಅಯ್ಯೋ ಎಂದೆ. ಕುರುಬರಹಳ್ಳಿಯ ಇಳಿಜಾರು ನೆನಪಾಯಿತು, ಅವರ ನಗು ನೆನಪಾಯಿತು, ಅಳು ಬರುತ್ತದೇನೋ ಎಂದು ಕಾದೆ... ಬರಲಿಲ್ಲ. ಅದಕ್ಕೂ ಅವರ ಮೇಲೆ ಸಿಟ್ಟು ಬಂತು.

ಮೊನ್ನೆ ಆ ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿಯನ್ನು ಎದೆಗವಚಿಕೊಂಡು ಹೊರಗೆ ಬಂದೆ. ಅವಳ ಲೋಟ ನೋಡಿದೆ, ಅವಳ ಬೆರಳು ನೋಡಿದೆ. ಎಷ್ಟೋ ವರ್ಷ ಬೀದಿಗೆಲ್ಲ ಅರಿಶಿನ ಕೊಟ್ಟ ಅಮ್ಮ ಒಬ್ಬರನ್ನೂ ಕೇಳದಿದ್ದ ಪ್ರಶ್ನೆ ನನ್ನ ಬಾಯಿಂದ ಬಂದುಬಿಟ್ಟಿತು.

“ಯಾತಕ್ಕೆ?”

ಹುಡುಗಿಯ ಮುಖ ಸಣ್ಣದಾಯಿತು. “ಮಗೂಗೆ ಶೀತ ಆಂಟಿ, ಹಾಲಿಗೆ ಹಾಕೋಕೆ... ಇಲ್ಲಾಂದ್ರೆ ಪರ್ವಾಗಿಲ್ಲ” ಎಂದು ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು.