ಬೋರ್ಡಿನ ಎರಡನೇ ಸಾಲು

ಆಗ ನಾನು ಬೆಳಗಾವಿಯ ವಡಗಾವಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಸೈಕಲ್ಲಿಗೆ ಬಣ್ಣದ ಡಬ್ಬಿ ಕಟ್ಟಿಕೊಂಡು ಊರೂರು ತಿರುಗಿ ಬೋರ್ಡ್ ಬರೆಯುತ್ತಿದ್ದೆ. ಒಮ್ಮೆ ಖಾನಾಪುರದಿಂದ ಸರೋಜವ್ವ ಹೇಳಿಕಳಿಸಿದಳು. ಬೆಳಗಾವಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವಳು. ಆ ಕೆಲಸ ಹೋಗಿತ್ತು, ಇನ್ನು ಮನೆ ಮುಂದೆ ಬೋರ್ಡ್ ಹಾಕಿಯೇ ಹೊಟ್ಟೆ ಹೊರೆಯಬೇಕಿತ್ತು.

“ಮ್ಯಾಲ ನನ್ನ ಹೆಸರು, ಕೆಳಗ ನರ್ಸ್ ಅಂತ ಬರೀರಿ. ಊರಾಗ ಎಲ್ಲಾರೂ ಹಂಗ ಕರೀತಾರ,” ಎಂದಳು ನಾನು ಹೋದಾಗ.

ಬರೆದೆ. ಡಾಕ್ಟರು, ನರ್ಸುಗಳ ಬೋರ್ಡಿನಲ್ಲಿ ಹೆಸರಿನ ಕೆಳಗೆ ನೋಂದಣಿ ನಂಬರ್ ಹಾಕುವುದು ನನಗೆ ರೂಢಿ. “ನಂಬರ್ ಹೇಳ್ರಿ ಅಕ್ಕಾರ,” ಎಂದೆ.

“ಯಾವ ನಂಬರ?”

“ಪರೀಕ್ಷಾ ಪಾಸಾದ ನರ್ಸಿಗೆ ಸರ್ಕಾರದ ಕೌನ್ಸಿಲ್‌ನವ್ರು ಕೊಡ್ತಾರಲ್ರೀ, ಅದು. ಅದಿಲ್ದೇ ನರ್ಸ್ ಅಂತ ಹಾಕ್ಕೊಂಡ್ರ ಕೇಸ್ ಆಗತೈತಿ ಅಂತಾರ.”

ಆಕೆ ಹಸಿ ಅಕ್ಷರಗಳ ಕಡೆ ಬೆರಳು ಮಾಡಿದಳು. “ಒರಸ್ರಿ,” ಅಂದಳು. “ಬಾಣಂತಿಗೆ, ಕೂಸಿಗೆ ಎಣ್ಣಿ ಹಚ್ಚಿ ನೀರು ಎರೀತಾರ ಅಂತ ಬರೀರಿ. ಅದಕ್ಕ ಯಾರ ನಂಬರೂ ಬ್ಯಾಡ.”

ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹಾಗೇ ಬರೆದೆ. ಎಂದಿನಂತೆ ಮೂಲೆಯಲ್ಲಿ ನನ್ನ ಹೆಸರು, ಅದರ ಪಕ್ಕ ‘ಆರ್ಟಿಸ್ಟ್’ ಎಂದೂ ಸಣ್ಣಗೆ ಹಾಕಿದೆ. ಸರೋಜವ್ವ ಬಗ್ಗಿ ಓದಿದಳು.

“ನಿಮ್ಮ ನಂಬರ್ ಎಲ್ಲೈತ್ರೀ, ಆರ್ಟಿಸ್ಟರ?”

ನಾನು ಶಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಯಲ್ಲಿ. ಅದನ್ನೂ ಒರೆಸಿ ‘ಪೇಂಟರ್’ ಎಂದು ಬರೆದೆ. ಕೇಸಿನ ಹೆದರಿಕೆಯಿಂದಲ್ಲ, ಆಕೆ ಇನ್ನೂ ಬಗ್ಗಿ ಅದನ್ನೇ ನೋಡುತ್ತ ನಿಂತಿದ್ದಳು, ಅದಕ್ಕೆ.