ಫ್ರಿಗೇಟಿನ ವಾಲ್ವ್‌ಗಳಿಗೆ ಖಂಡೇಪೂಜೆ

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವಾಲ್ವ್ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನೌಕಾಪಡೆಯ ಹೊಸ ಫ್ರಿಗೇಟ್ ಒಂದರ ಕೆಲಸ ನಮಗೆ ಸಿಕ್ಕಿತ್ತು. ಫ್ರಿಗೇಟ್ ಎಂದರೆ ವಿಮಾನ, ಜಲಾಂತರ್ಗಾಮಿ, ಶತ್ರುವಿನ ಹಡಗು ಮೂರನ್ನೂ ಎದುರಿಸಬಲ್ಲ ಯುದ್ಧನೌಕೆ. ಅದರ ತಳದಲ್ಲಿ ಸಮುದ್ರದ ನೀರನ್ನು ಬೇಕಾದಾಗ ಒಳಗೆ ಬಿಟ್ಟು, ಬೇಡವಾದಾಗ ತಡೆಯುವ ಕಂಚಿನ ವಾಲ್ವ್‌ಗಳು ನಮ್ಮವು. ಹಡಗು ನೀರಿಗಿಳಿಯುವ ಮೊದಲೇ ಅವನ್ನು ಕೂಡಿಸಬೇಕು. ತಡವಾದರೆ ಬೇರೆಯವರ ವಾಲ್ವ್ ಹಾಕಿಬಿಡುತ್ತೇವೆ ಎಂದು ಹಡಗು ಕಟ್ಟುವವರು ಮೊದಲೇ ಖಡಾಖಡಿ ಹೇಳಿದ್ದರು.

ವಾಲ್ವಿನ ಸೀಟು, ಅಂದರೆ ಒಳಗಿನ ಬಿಲ್ಲೆ ಬಂದು ಕೂರುವ ಅಂಚು, ಕನ್ನಡಿಯಂತೆ ನುಣುಪಾಗಿರಬೇಕು. ಅದನ್ನು ಕೈಯಿಂದ ತಿಕ್ಕಿ ಸಾಧಿಸಿದವರು ಉಪ್ಪಿನಬೆಟಗೇರಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಫೋರ್‌ಮನ್ ಈರಪ್ಪ ಕಾಕಾ. ಪರೀಕ್ಷೆ ಮುಗಿಸಿ, ಒಣಗಿಸಿ, ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಎಲ್ಲವನ್ನೂ ಒಂದು ಕೋಣೆಯಲ್ಲಿಟ್ಟೆವು. ಮರುದಿನ ಖಂಡೇಪೂಜೆ, ಅಂದರೆ ನವರಾತ್ರಿಯ ಆಯುಧಪೂಜೆ. ಲೇಥು, ಡ್ರಿಲ್ಲು ಯಾವುದಕ್ಕಾದರೂ ಪೂಜೆ ಮಾಡಿ, ಆ ಕೋಣೆಗೆ ಮಾತ್ರ ಕೈ ಹಚ್ಚಬೇಡಿ ಎಂದು ಸಾರಿ ಸಾರಿ ಹೇಳಿ, ಕೀಲಿ ಹಾಕಿಕೊಂಡು ಹೋದೆ.

ದೀಪಾವಳಿಗೆ ಮುಂಚೆ ನೌಕಾಪಡೆಯ ಇನ್‌ಸ್ಪೆಕ್ಟರ್ ಬಂದರು. ಮೊದಲ ಮುಚ್ಚಳ ತೆಗೆದರೆ ಹುಳಿ ವಾಸನೆ, ಒಳಗೆ ಇರುವೆ, ಸೀಟಿನ ಮೇಲೆ ಹಸಿರು ಕಿಲುಬು. ವಾಲ್ವಿನ ಹಿಡಿ ತಿರುಗಿಸಿದರೆ ಕರಕರ ಎಂದಿತು. ನೀರಿನ ಒತ್ತಡ ಕೊಟ್ಟರೆ ಸೋರಿತು. ಅವರು ಕೂಗಾಡಲಿಲ್ಲ, ಇಡೀ ಲಾಟ್ ರಿಜೆಕ್ಟ್ ಎಂದು ಎದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಕಾಕಾನನ್ನು ಕರೆಸಿದೆ. ಮುಚ್ಚುಮರೆ ಏನೂ ಇಲ್ಲ. ಮಾಲೀಕರಿಂದ ಇನ್ನೊಂದು ಕೀಲಿ ಇಸಿದುಕೊಂಡು, ಒಂದೊಂದೇ ಮುಚ್ಚಳ ತೆಗೆದು, ಒಳಗೆ ವಿಭೂತಿ ಹಚ್ಚಿ, ಕಾಯಿ ಒಡೆದ ನೀರು ಚಿಮುಕಿಸಿ, ಮತ್ತೆ ಭದ್ರವಾಗಿ ಮುಚ್ಚಿದ್ದರಂತೆ. ಆ ವಿಭೂತಿಯ ಕಣಗಳೇ ಸೀಟನ್ನು ಗೀರಿದ್ದವು.

"ದಂಡಿಗೆ ಹೋಗೂ ಸಾಮಾನು ಐತ್ರಿ ಅಕ್ಕಾರ, ಪೂಜಿ ಇಲ್ಲದ ಹೆಂಗ ಕಳಸೂದ್ರಿ? ಮಾರಿ ಮುಚ್ಚಿಟ್ಟು ಪೂಜಿ ಮಾಡಾಕ ಬರ್ತೈತೇನ್ರಿ?"

ತಲೆ ಚಚ್ಚಿಕೊಂಡೆ. ಅಸಡ್ಡೆಯಿಂದ ಕೆಡಿಸಿದ್ದರೆ ನೋಟಿಸು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಇಷ್ಟು ಪ್ರೀತಿಯಿಂದ ಕೆಡಿಸಿದವರನ್ನು ಏನೆಂದು ಬೈಯುವುದು? ಮಾಲೀಕರಂತೂ, ಪೂಜೆ ಮಾಡಿದರೆ ಕೆಟ್ಟದ್ದಾಗುತ್ತದೆಯೇ ಎಂದು ನನ್ನನ್ನೇ ಕೇಳಿದರು. ಯಾರ ಮುಂದೆ ಹೇಳಿಕೊಳ್ಳಲಿ?

ಕಾಕಾ ಊಟ ಬಿಟ್ಟು ಕೂತು ಸೀಟುಗಳನ್ನು ಮತ್ತೆ ತಿಕ್ಕಿದರು. ಎಲ್ಲವೂ ಪಾಸಾದವು, ಆದರೆ ಗಡುವು ಮೀರಿತ್ತು. ಹಡಗಿಗೆ ಬೇರೆ ಊರಿನ ವಾಲ್ವ್‌ಗಳು ಕೂತವು. ನಮ್ಮವು ಉಗ್ರಾಣ ಸೇರಿದವು.

ಹಡಗು ನೀರಿಗಿಳಿದದ್ದನ್ನು ಕ್ಯಾಂಟೀನಿನ ಟಿವಿಯಲ್ಲಿ ನೋಡಿದೆವು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಇದರಾಗ ನಮ್ಮವು ಒಂದೂ ಇಲ್ಲೇನ್ರಿ?"

ಒಂದೂ ಇಲ್ಲ ಎಂದೆ.

ಮುಂದಿನ ಖಂಡೇಪೂಜೆಗೆ ನಾನೇ ಒಂದು ಗುಜರಿ ವಾಲ್ವನ್ನು ಮಣೆಯ ಮೇಲಿಟ್ಟು, ಇದಕ್ಕೆ ಮಾಡಿರಿ, ಎಲ್ಲಕ್ಕೂ ಮುಟ್ಟುತ್ತದೆ ಎಂದೆ. ಬೇಡ ಎಂದರಷ್ಟೇ ಸಾಲದು, ಎಲ್ಲಿ ಮಾಡಬೇಕೆಂದೂ ತೋರಿಸಬೇಕು ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಅಂದು ಕಾಕಾ ಕಾಯಿ ಒಡೆದು, ನೀರು ಚಿಮುಕಿಸುವ ಮುನ್ನ ಅಪ್ಪಣೆಗಾಗಿ ನನ್ನ ಮುಖ ನೋಡಿದರು. ಹಡಗು ತಪ್ಪಿದ್ದಕ್ಕಿಂತ ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.